ಅರ್ಧ ಕೂಗಳತೆಯ ನೆಲ

ಹೆತ್ತು ತಿಂಗಳು ತುಂಬುವ ಮೊದಲೇ ಹೂವಮ್ಮ ಗದ್ದೆಗಿಳಿದಿದ್ದಳು. ಗಂಡ ಆ ವರ್ಷದ ಮಳೆಗಾಲದ ಮೊದಲೇ ಜ್ವರದಲ್ಲಿ ಹೋಗಿದ್ದ. ಗೇಣಿ ಗದ್ದೆಗೆ ಬಾಣಂತನ ಅಂದರೆ ಏನು ಗೊತ್ತು? ಹಸುಗೂಸನ್ನು ಎಲ್ಲಿ ಬಿಡುವುದು? ಬದುವಿನ ನೇರಳೆ ಮರಕ್ಕೆ ಹಳೆ ಸೀರೆಯ ಜೋಲಿ ಕಟ್ಟಿ, ಇರುವೆ ಇಳಿಯದಂತೆ ಗಂಟಿಗೆ ಬೂದಿ ಸವರಿ, ಮೇಲೊಂದು ಎಲೆಯ ಗೊರಬು ಮುಚ್ಚಿ ಮಗುವನ್ನು ಮಲಗಿಸುತ್ತಿದ್ದಳು. ಹಾವು ಬಂದರೆ? ಕೊಂಬೆ ಮುರಿದರೆ? ನೂರು ಭಯ ಎದೆಯಲ್ಲಿಟ್ಟುಕೊಂಡು ನಟ್ಟಿಗೆ ಬಗ್ಗುತ್ತಿದ್ದಳು. ಅವಳು ಹಿಡಿದುಕೊಂಡ ನಿಯಮ ಒಂದೇ: ಮಗ ಅತ್ತರೆ ಕೇಳಿಸದಷ್ಟು ದೂರಕ್ಕೆ ಹೋಗಬಾರದು.

ಗದ್ದೆಯ ಒಡೆಯರಾದ ಮಂಜಯ್ಯಗೌಡರು ಬದುವಿನ ಮೇಲೆ ಕೊಡೆ ಹಿಡಿದು ನಿಂತು ಕೂಗುತ್ತಿದ್ದರು. "ಹೂವೀ, ಆ ಕೆಳಗಿನ ಮೂಲೆಗೆ ಹೋಗೇ. ಅಲ್ಲಿ ಸಸಿ ಕೊಳೀತಾ ಅದೆ."

"ಅಲ್ಲಿಗೆ ಮಗ ಅತ್ರೆ ಕೇಳಲ್ಲ ಒಡೆಯಾ."

"ಮಗ ಕೇಳಲ್ವಂತೆ! ಮಹಾರಾಣಿ! ಅರಮನೆಯಿಂದ ದಾದಿ ಕರೆಸ್ಲೇನೆ?"

ಸಾಲಿನಲ್ಲಿದ್ದ ಹೆಂಗಸರು ಒಡೆಯರಿಗೆ ಕೇಳಿಸುವಂತೆ ನಗುತ್ತಿದ್ದರು. ಹೂವಮ್ಮ ಬೈಗುಳ ತಿಂದಳೇ ಹೊರತು ಆ ಮೂಲೆಗೆ ಹೋಗಲಿಲ್ಲ.

ಮಗನ ಹೆಸರು ನಿಂಗಪ್ಪ. ಹುಂಚದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಅವರ ಕೇರಿ. ಗೌಡರ ಎರಡನೇ ಮಗ ಧರ್ಮಪ್ಪನೂ ನಿಂಗಪ್ಪನೂ ಒಂದೇ ವಾರಿಗೆಯವರು. ಧರ್ಮಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಬಿದ್ದ. ಚೀನಾ ಯುದ್ಧವಾದ ಮರುವರ್ಷ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಮಿಲಿಟರಿಗೆ ಸೇರುತ್ತೇನೆಂದು ಹೊರಟ. ಅವನ ತಾಯಿ ಶೇಷಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಗೌಡರು ಹೂವಮ್ಮನನ್ನು ಅಂಗಳಕ್ಕೆ ಕರೆಸಿದರು.

"ನಿನ್ನ ಮಗನೂ ಜೊತೆಗೆ ಹೋಗ್ಲಿ. ಇವನಿಗೆ ತನ್ನ ಅಂಗಿ ಒಗ್ಕೊಂಡು ಗೊತ್ತಿಲ್ಲ."

ಅವರು ಕೇಳಲಿಲ್ಲ, ಹೇಳಿದರು. ಹೂವಮ್ಮ ಗದ್ದೆಯ ಕಡೆ ನೋಡಿದಳು, ಒಡೆಯರ ಮುಖ ನೋಡಿದಳು, ತಲೆಯಾಡಿಸಿದಳು. ಹೊರಡುವ ದಿನ ಮಗನ ತಲೆಗೆ ಎಣ್ಣೆ ಒತ್ತುತ್ತಾ ಅವಳೇ ಬುದ್ಧಿ ಹೇಳಿದಳು. "ಸಣ್ಣೊಡೇರನ್ನ ಬಿಟ್ಟು ದೂರ ಹೋಗ್ಬೇಡ ಮಗಾ. ಕರೆದ್ರೆ ಕೇಳೋ ಹಂಗೇ ಇರು." ತಾನು ಬದುಕಿನಲ್ಲಿ ಕಲಿತ ಒಂದೇ ಒಂದು ಜೋಪಾನವನ್ನು ಮಗನ ಕೈಗೆ ಕೊಟ್ಟು ಕಳಿಸಿದಳು.

ಅರವತ್ತೈದರ ಯುದ್ಧದಲ್ಲಿ ಪಂಜಾಬಿನ ಕಡೆ ಎಲ್ಲೋ ನಿಂಗಪ್ಪ ಸತ್ತ. ತಂತಿ ಬಂತು. ಬೂದಿಯೂ ಬರಲಿಲ್ಲ. ಆರು ತಿಂಗಳು ಆಸ್ಪತ್ರೆಯಲ್ಲಿದ್ದು ಧರ್ಮಪ್ಪ ಕುಂಟುತ್ತಾ ವಾಪಸು ಬಂದ. ಜಗಲಿ ತುಂಬ ಜನ ಕೂತಿರುವಾಗ ಅವನು ಅಂಗಳದಲ್ಲಿ ನಿಂತ ಹೂವಮ್ಮನಿಗೆ ಹೇಳಿದ: "ನಾಲೆ ದಾಟುವಾಗ ಒಂದೇ ಗುಂಡು ಹೂವಮ್ಮ. ಅವ್ವಾ ಅನ್ನೋಕೂ ಹೊತ್ತಿರಲಿಲ್ಲ."

ಆ ಮಾತು ಊರೆಲ್ಲ ಹರಡಿತು. ಬಾವಿಕಟ್ಟೆಯಲ್ಲಿ ಹೆಂಗಸರು ಅದನ್ನೇ ಸಮಾಧಾನ ಮಾಡಿ ಹೇಳಿದರು. ಹೂವಮ್ಮ ಆ ಮಾತು ಹಿಡಿದುಕೊಂಡೇ ಮತ್ತೆ ಉಣ್ಣಲು ಕಲಿತಳು. ನೋವಾಗಲಿಲ್ಲ. ಕರೆಯಲಿಲ್ಲ. ಕರೆದಿದ್ದರೆ ತಾನು ಇಲ್ಲಿ ಏನು ಮಾಡುತ್ತಿದ್ದೆ? ಹುಲ್ಲು ಕೊಯ್ಯುತ್ತಿದ್ದೆನೋ, ಹರಟೆ ಹೊಡೆಯುತ್ತಿದ್ದೆನೋ. ಆ ಒಂದು ಪಾಪ ತಪ್ಪಿತಲ್ಲ ಎಂದು ತುತ್ತು ನುಂಗುತ್ತಿದ್ದಳು.

ಅರವತ್ತಾರರ ಸುಗ್ಗಿ ಮುಗಿದ ಮೇಲೆ ಹೊಸನಗರದಲ್ಲಿ ಸೈನಿಕರ ಹೆಸರಿನಲ್ಲಿ ಒಂದು ವಸ್ತುಪ್ರದರ್ಶನ ಆಗಬೇಕೆಂದಾಯಿತು. ಮಂಜಯ್ಯಗೌಡರೇ ಸಮಿತಿಯ ಅಧ್ಯಕ್ಷರು. ಮಗ ಯುದ್ಧ ಮಾಡಿದ ಜಾಗವನ್ನೇ ಹಲಗೆಯ ಮೇಲೆ ಮಾಡಿ ಇಡಬೇಕು, ನೋಡಿದವರು ಹುಬ್ಬೇರಿಸಬೇಕು ಎಂದು ಅವರಿಗೆ ಆಸೆ. ಹೆಬ್ಬೆರಳ ಗೆಣ್ಣಿನಷ್ಟೆತ್ತರದ ಸಿಪಾಯಿಗಳನ್ನೂ, ಕೈಯಲ್ಲಿ ಮುಚ್ಚಿಡಬಹುದಾದ ಟ್ಯಾಂಕುಗಳನ್ನೂ ಸಾಗರದ ಕೆತ್ತನೆಯವರು ಹಗುರ ಮರದಲ್ಲಿ ಮಾಡಿಕೊಟ್ಟರು. ಆದರೆ ನೆಲ? ಇಸ್ತ್ರಿ ಮಾಡಿದ ಹಸಿರು ಬಟ್ಟೆ ಹಾಸೋಣ ಎಂದು ಶಾಲೆಯ ಮೇಷ್ಟರು ಹೇಳಿದ್ದಕ್ಕೆ ಧರ್ಮಪ್ಪ ಉರಿದುಬಿದ್ದ.

"ಅದೇನು ಇಸ್ಪೀಟ್ ಮೇಜಾ? ನೆಲ ಸುಳ್ಳಾದ್ರೆ ಎಲ್ಲ ಸುಳ್ಳು. ನೆಲ ಮಾಡೋಕೆ ಹೂವಮ್ಮನ್ನ ಕರೆಸಿ."

ಸುತ್ತ ಹತ್ತು ಮನೆಯ ಅಂಗಳ, ಜಗಲಿ, ಕಣ ಎಲ್ಲ ಅವಳ ಕೈಯಲ್ಲೇ ಆಗಿದ್ದವು. ಯಾವ ಮಣ್ಣು ಬಿರಿಯುತ್ತದೆ, ಯಾವುದು ಕೂರುತ್ತದೆ ಎಂದು ಚಿಟಿಕೆ ಹಿಡಿದು ಹೇಳುವವಳು. ಅದೂ ಅಲ್ಲದೆ, ಅವಳಿಗೆ ಆ ನೆಲ ನೋಡಬೇಕಿತ್ತು. ಮಗ ಎಲ್ಲಿ ಬಿದ್ದ, ಮಲಗಿದ್ದು ಕಲ್ಲಿನ ಮೇಲೋ ಹುಲ್ಲಿನ ಮೇಲೋ? ಬೂದಿ ಸಿಗದವಳಿಗೆ ಅಷ್ಟಾದರೂ ಬೇಡವೇ? ಗೌಡರು ಕರೆಸುವ ಮೊದಲೇ ಅವಳು ಕಣದ ಮಾಡಿನ ಕೆಳಗೆ ಬಂದು ಕೂತಿದ್ದಳು.

ಎಂಟಡಿ ಉದ್ದ, ಐದಡಿ ಅಗಲದ ಹಲಸಿನ ಹಲಗೆ. ಅದರ ಮೇಲೆ ಬಿದಿರಿನ ದಬ್ಬೆ ಬಗ್ಗಿಸಿ ಏರು ತಗ್ಗು ಕಟ್ಟಿದಳು, ನಡುವೆ ಹುಲ್ಲು ತುರುಕಿದಳು. ಗೋಣಿತಾಟನ್ನು ಜೇಡಿಯ ನೀರಿನಲ್ಲಿ ಅದ್ದಿ ಮೇಲೆ ಹೊದಿಸಿ ಒಂದು ದಿನ ಒಣಗಲು ಬಿಟ್ಟಳು. ಕೆರೆಯ ಹೂಳು ತಂದು ಜರಡಿ ಹಿಡಿದು, ಭತ್ತದ ಹೊಟ್ಟು, ಸಗಣಿ, ದಾಸವಾಳದ ಸೊಪ್ಪಿನ ಲೋಳೆ ಸೇರಿಸಿ ತುಳಿದು ಹದ ಮಾಡಿದಳು.

"ನಮ್ಮ ಕಡೆ ಹಂಗೆ ಕೆಂಪಲ್ಲ ಅಲ್ಲಿ. ಬೂದು," ಎಂದ ಧರ್ಮಪ್ಪ.

ಒಲೆಯ ಬೂದಿ ಬೆರೆಸಿದಳು.

"ಇನ್ನೂ ಬಿಳಿ. ನಡೆದ್ರೆ ಹಿಟ್ಟಿನ ಹಂಗೆ ಹಾರೋದು."

ಬಿಳಿ ಜೇಡಿಯನ್ನು ಪುಡಿ ಮಾಡಿ, ತೆಳುವಾದ ಪಂಚೆಯಲ್ಲಿ ಕಟ್ಟಿ ಮೇಲಿಂದ ತಟ್ಟಿದಳು. ಹಸಿ ಮಣ್ಣಿನ ಮೇಲೆ ಅದು ಧೂಳಾಗಿ ಕೂತಿತು. ಧರ್ಮಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಹೌದು, ಇದೇ," ಎಂದ.

ಅವಳಿಗೆ ಹುರುಪು ಬಂತು. ಅಡಿಗೆಮನೆಯಿಂದ ಶೇಷಮ್ಮನ ಕರ್ಜಿಕಾಯಿ ಕತ್ತರಿಸುವ ಹಲ್ಲುಚಕ್ರ ಇಸಿದುಕೊಂಡು ಬಂದು ಜೋಡಿ ಗೆರೆ ಎಳೆದಳು. ಟ್ಯಾಂಕು ಹೋದ ಜಾಡು ತಾನಾಗಿ ಮೂಡಿತು. ಶೇಷಮ್ಮ ಇಣುಕಿ, "ಅಯ್ಯೋ ನಿನ್ನ ಕೈ ಸೇದಿಹೋಗ! ದೀಪಾವಳಿಗೆ ಇನ್ನು ಅದರಲ್ಲಿ ಕರ್ಜಿಕಾಯಿ ಮಾಡದು ಹೆಂಗೇ?" ಎಂದು ಬೈದರೂ ನೋಡುತ್ತಾ ನಿಂತರು. ಗುಂಡು ಬಿದ್ದ ಗುಂಡಿಗೆಂದು ಅರೆ ಹಸಿಯ ಮಣ್ಣಿನ ಮೇಲೆ ಮೊಳದೆತ್ತರದಿಂದ ಸುಣ್ಣದ ಹರಳು ಬೀಳಿಸಿದಳು. ಅಂಚು ತಾನಾಗಿ ಸಿಡಿದು ಎದ್ದಿತು. ಕಬ್ಬಿನ ಗದ್ದೆಗೆ ಕರಡದ ಹುಲ್ಲು ಕತ್ತರಿಸಿ ಒಂದೊಂದಾಗಿ ಚುಚ್ಚಿದಳು.

ಧರ್ಮಪ್ಪ ಅಡಿಕೋಲು ಹಿಡಿದು ಪ್ರತಿಯೊಂದಕ್ಕೂ ಗಜದ ಲೆಕ್ಕ ಹೇಳುತ್ತಿದ್ದ. ಕಂದಕ ಇಲ್ಲಿ. ಕಂದಕದ ಹಿಂದೆ ಏರು. ಕಬ್ಬು ಇಲ್ಲಿಂದ ಇಲ್ಲಿಗೆ. ಒಂದು ಹುಲ್ಲುಕಡ್ಡಿ ವಾರೆಯಾದರೂ ಕಿತ್ತು ಮತ್ತೆ ನೆಡಿಸುತ್ತಿದ್ದ. ನಾಲೆ ಮಾತ್ರ ಹಲಗೆಯ ಆ ಕೊನೆಗೆ, ಎಂಟಡಿ ದೂರಕ್ಕೆ. "ಅಲ್ಲೇ ಎಲ್ಲಾದ್ರೂ ಹಾಕು," ಎಂದ.

ಹೂವಮ್ಮ ಅದನ್ನು ತೋಡಿ, ಕೈಯ ಮಣ್ಣು ಉಜ್ಜಿಕೊಳ್ಳುತ್ತಾ ನೆಲ ನೋಡಿದಳು. ತಲೆ ವಾರೆ ಮಾಡಿ ಮತ್ತೆ ನೋಡಿದಳು. "ಸಣ್ಣೊಡೆಯಾ, ಈ ಕಬ್ಬಿಗೆ ನೀರು ಎಲ್ಲಿಂದ?"

"ನಾಲೆಯಿಂದ. ಯುದ್ಧ ಅಂತ ಆಗ ನಿಲ್ಲಿಸಿದ್ರು, ನಾಲೆ ಒಣಗಿತ್ತು. ತಳ ಬಿರುಕು ಬಿಟ್ಟಿರಬೇಕು, ಹಂಗೇ ಮಾಡು."

"ಅಲ್ಲ, ನಾಲೆ ಅಲ್ಲಿದ್ರೆ ಆ ಕಡೆ ತಗ್ಗು. ಕಬ್ಬು ಈ ಕಡೆ ಎತ್ತರದಲ್ಲಿ. ನೀರು ಹತ್ತಿ ಬರ್ತದಾ?"

ಅವನು ಅಡಿಕೋಲನ್ನು ಕೈಯಲ್ಲಿ ತಿರುಗಿಸಿದ.

"ನಾಲೆ ಈ ಏರಿನ ಬುಡದಲ್ಲೇ ಇರ್ಬೇಕು. ಕಂದಕದ ಮುಂದೇನೇ. ನೀವು ಮರ್ತಿದೀರಿ."

"ಇರಬಹುದು."

"ಎಷ್ಟು ದೂರ?"

"ನೆನಪಿಲ್ಲ."

ಗದ್ದೆಬದುವಿನ ಹುಲ್ಲುಕಡ್ಡಿ ನೆನಪಿರುವವನಿಗೆ ನಾಲೆ ನೆನಪಿಲ್ಲವೇ? ಅವಳಿಗೆ ಆಗ ಅನುಮಾನ ಬರಲಿಲ್ಲ. ಕೆಲಸ ನಿಂತಿತಲ್ಲ ಎಂಬ ಕಿರಿಕಿರಿ ಮಾತ್ರ. "ಗಜ ನೆನಪಿಲ್ದಿದ್ರೆ ಕೂಗಳತೆ ಹೇಳಿ. ನಮ್ಗೆ ಅದೇ ತಿಳಿಯೋದು. ಒಂದು ಕೂಗಾ? ಎರಡಾ?"

"ಅರ್ಧ ಕೂಗಿಗೂ ಕಮ್ಮಿ," ಎಂದುಬಿಟ್ಟ ಧರ್ಮಪ್ಪ.

ನಾಲೆಗೆ ಬೇಕಾದ ಅಳತೆ ಸಿಕ್ಕಿತೆಂದು ಅವಳು ಎದ್ದೇಬಿಟ್ಟಳು. ಕಣದ ಪಕ್ಕದಲ್ಲೇ ಕೊಯ್ಲಾದ ಗದ್ದೆ. ಮಧ್ಯಾಹ್ನದ ಬಿಸಿಲಿಗೆ ಕೂಳೆ ಹೊಳೆಯುತ್ತಿತ್ತು. "ನೀವು ಇಲ್ಲೇ ನಿಲ್ಲಿ. ನಾನು ಕೂಗ್ತಾ ಹೋಗ್ತೀನಿ. ಅಲ್ಲಿ ನಿಮಗೆ ಎಷ್ಟು ಕೇಳ್ತಿತ್ತೋ ಅಷ್ಟು ಕೇಳಿದಾಗ ಕೈ ಎತ್ತಿ. ಆಮೇಲೆ ಹೆಜ್ಜೆ ಎಣಿಸಿದ್ರಾಯ್ತು." ಬಾವಿ ತೋಡುವಾಗ, ಬೇಲಿ ಹಾಕುವಾಗ ಅವರ ಕೇರಿಯಲ್ಲಿ ಅಳೆಯುತ್ತಿದ್ದುದೇ ಹಾಗೆ. ಅವಳು ಬದು ಹತ್ತಿ ಇಳಿದು ನಡೆದಳು. ಮೊದಲ ಬದುವಿನಿಂದ, "ಓ ಸಣ್ಣೊಡೆಯಾ!" ಎಂದಳು. ಅವನು ಕೈ ಎತ್ತಲಿಲ್ಲ. ಎರಡನೆಯ ಬದುವಿನಿಂದ, "ಓ ಸಣ್ಣೊಡೆಯಾ!"

ಮೂರನೆಯ ಬದುವಿನಲ್ಲಿ ಬಿಸಿಲಿಗೆ ಅವಳ ಗಂಟಲು ಕಟ್ಟಿತು. ದನಿ ಒಡೆದು ಗಂಡುದನಿಯಂತೆ ಬಂತು. "ಸಣ್ಣೊಡೆಯಾ..."

ಧರ್ಮಪ್ಪನ ಕೈ ಎದ್ದಿತು. ಅಲ್ಲ, ಎರಡೂ ಕೈ ಎದ್ದು ಕಿವಿ ಮುಚ್ಚಿದವು. ಅವನು ಕುಸಿದು ಕೂತ.

ಹೂವಮ್ಮ ಅಲ್ಲೇ ನಿಂತಳು. ಅವನ ಏದುಸಿರು ಅವಳಿಗೆ ಕೇಳುತ್ತಿತ್ತು. ಅವನು ಅಳುತ್ತಾ ಮೂಗು ಎಳೆದುಕೊಂಡದ್ದು ಕೂಡ ಕೇಳಿತು. ನಲವತ್ತು ಹೆಜ್ಜೆ. ಇಷ್ಟು ದೂರದಲ್ಲಿ ಜೋಲಿ ಕಟ್ಟಿದರೆ ಮಗು ನಿದ್ದೆಯಲ್ಲಿ ಮುಲುಗಿದರೂ ಗೊತ್ತಾಗುತ್ತದೆ. ಹೆಜ್ಜೆ ಎಣಿಸುತ್ತಲೇ ಅವಳು ವಾಪಸು ಬಂದಳು. ಎಣಿಕೆ ತಪ್ಪಲಿಲ್ಲ.

"ಯಾರು ಕೂಗಿದ್ರು ಸಣ್ಣೊಡೆಯಾ?"

ಅವನು ಮೊಣಕಾಲಿಗೆ ಮುಖ ಒತ್ತಿಕೊಂಡ.

"ನಿಂಗ ಎಷ್ಟು ಹೊತ್ತು ಕೂಗ್ದ?"

"ಬೆಳಗ್ಗೆ ಬಿದ್ದ. ಹೊಟ್ಟೆಗೆ ಗುಂಡು ಬಿದ್ದಿತ್ತು. ಮಾರನೇ ದಿನ ಮಧ್ಯಾಹ್ನದ ತನಕ."

"ಗುಂಡು ಹಾರ್ತಿತ್ತಾ?"

"ಮೊದಲು ಹಾರ್ತಿತ್ತು. ಆಮೇಲೆ ಇರಲಿಲ್ಲ."

"ಏನು ಕೇಳ್ದ?"

"ನೀರು."

"ನಿಮ್ಮ ಹತ್ರ ಇತ್ತಾ?"

"ಇತ್ತು."

ಬೇಡ, ಇನ್ನು ಕೇಳಬೇಡ ಎಂದು ಯಾರಾದರೂ ಅವಳ ಬಾಯಿ ಮುಚ್ಚಬೇಕಿತ್ತು. ಯಾರೂ ಇರಲಿಲ್ಲ. ಅವಳು ಕೇಳಿಯೇಬಿಟ್ಟಳು. "ನನ್ನನ್ನ ಕರೆದ್ನಾ?"

ಧರ್ಮಪ್ಪ ಈಗ ಮುಖ ಎತ್ತಿದ. ಆಗಲಾದರೂ ಒಂದು ಸುಳ್ಳು ಹೇಳಬಹುದಿತ್ತು. ಅಷ್ಟು ದಿನ ಹೇಳಿದವನಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. ಆದರೆ ಒಮ್ಮೆ ನಿಜ ಹೇಳಲು ಹೊರಟವನಿಗೆ ತಡೆಯಲಾಗಲಿಲ್ಲವೋ, ಇಲ್ಲ ತಾನೊಬ್ಬನೇ ಏಕೆ ನರಳಬೇಕು ಅನ್ನಿಸಿತೋ.

"ಒಂದ್ಸಲನೂ ಅವ್ವಾ ಅನ್ನಲಿಲ್ಲ ಹೂವಮ್ಮ. ಕಡೇ ತನಕ 'ಸಣ್ಣೊಡೆಯಾ, ಸಣ್ಣೊಡೆಯಾ' ಅಂತಲೇ."

ಅವಳು ಮಾಡಿನೊಳಗೆ ಹೋಗಿ ಹಲಗೆಯ ಕೊನೆಯಲ್ಲಿ ತೋಡಿದ್ದ ಸುಳ್ಳು ನಾಲೆಯನ್ನು ಅಂಗೈಯಿಂದ ಒರೆಸಿ ಮುಚ್ಚಿದಳು. ಸಿಪಾಯಿಯ ಎತ್ತರ ನೋಡಿ, ಹೆಜ್ಜೆಯ ಲೆಕ್ಕ ಇಳಿಸಿ, ಕಂದಕದಿಂದ ಎರಡು ಗೇಣು ದೂರಕ್ಕೆ ಹೊಸ ನಾಲೆ ತೋಡಿದಳು. ಅದರ ತಳಕ್ಕೆ ಮಾತ್ರ ಹೊಟ್ಟು ಸೇರಿಸದ ಮಣ್ಣು ಬಳಿದು ಬಿಸಿಲಿಗೆ ತಿರುಗಿಸಿಟ್ಟಳು. ಸಂಜೆಯೊಳಗೆ ಅದು ಅವನು ಹೇಳಿದಂತೆಯೇ ಬಿರುಕು ಬಿಟ್ಟಿತು. ಒಂದು ಬೊಂಬೆಯನ್ನು ಅದರಲ್ಲಿ ಅಂಗಾತ ಮಲಗಿಸಿದಳು.

ಮರುದಿನ ಮಂಜಯ್ಯಗೌಡರು ಸಮಿತಿಯವರನ್ನು ಕರೆದುಕೊಂಡು ಬಂದರು. ಎಲ್ಲರೂ ಬಗ್ಗಿ ನೋಡಿ ಭೇಷ್ ಎಂದರು. ಗೌಡರ ಕಣ್ಣು ನಾಲೆಯ ಮೇಲೆ ನಿಂತಿತು.

"ಇದೆಂಥದೇ, ಇಷ್ಟು ಹತ್ರ? ದೂರ ಹಾಕು. ಇಕ್ಕಟ್ಟಾಗಿ ಕಾಣ್ತದೆ."

"ಸಣ್ಣೊಡೇರು ಹೇಳಿದ ಅಳತೆ, ಒಡೆಯಾ. ಕೇಳಿ ಬೇಕಾದ್ರೆ."

"ಏನೋ ಧರ್ಮ?"

"ಸರಿ ಇದೆ ಅಪ್ಪಯ್ಯ."

"ಮತ್ತೆ ಇವನ್ಯಾರು ಮಲಗಿರೋನು? ನಮ್ಮೋರು ಬಿದ್ದಿರೋದನ್ನ ತೋರಿಸ್ತಾರೇನೋ? ಮಕ್ಕಳು ಮರಿ ಬರೋ ಜಾಗ." ಗೌಡರು ಎರಡು ಬೆರಳಲ್ಲಿ ಬೊಂಬೆ ಎತ್ತಿ ಹೊಟ್ಟಿನ ರಾಶಿಗೆ ಚಿಮ್ಮಿದರು. ಎಲೆಯ ಮೇಲಿನ ನೊಣ ಚಿಮ್ಮಿದಂತೆ. ಅವರು ಹೋದ ಮೇಲೆ ಹೂವಮ್ಮ ಹೊಟ್ಟು ಕೆದಕಿ ಅದನ್ನು ಹುಡುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊಸನಗರದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ತೀರ್ಥಹಳ್ಳಿಯವರು ಬೇಕೆಂದರು, ಸಾಗರದವರೂ ಬೇಕೆಂದರು. ಎತ್ತಿನ ಗಾಡಿ, ಲಾರಿಗಳ ಕುಲುಕಾಟಕ್ಕೆ ನೆಲ ಒಡೆಯುತ್ತಿತ್ತು. ಹೋದಲ್ಲೆಲ್ಲ ಹೂವಮ್ಮ ಹೊಸದಾಗಿ ಮಣ್ಣು ಹಾಕಬೇಕು. ಮಗ ಸತ್ತ ಜಾಗವನ್ನು ಅವಳು ಮೂರು ಊರಿನಲ್ಲಿ ಮೂರು ಸಲ ಕಟ್ಟಿದಳು. ಹಸಿ ಮಣ್ಣು ಬಿಸಿಲಿಗೆ ಬಿರಿಯದಂತೆ ಗಂಟೆಗೊಮ್ಮೆ ನೀರು ಚಿಮುಕಿಸಲು ಹಲಗೆಯ ಹಿಂದೆ ತಂಬಿಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ಧರ್ಮಪ್ಪ ಕೋಲು ಹಿಡಿದು ಜನಕ್ಕೆ ವಿವರಿಸುತ್ತಿದ್ದ.

"ಇಲ್ಲಿ ನಮ್ಮೂರಿನ ನಿಂಗಪ್ಪ ವೀರಮರಣ ಹೊಂದಿದ. ಒಂದೇ ಗುಂಡು..."

ಹಿಂದಿನಿಂದ ಅವಳು ಕರೆಯುತ್ತಿದ್ದಳು, ಜೋರಾಗಿ ಅಲ್ಲ. "ಸಣ್ಣೊಡೆಯಾ, ನೀರು."

ಮೊದಲ ಸಲ ಅವನ ಕೋಲು ಕೈಯಿಂದ ಬಿತ್ತು. ಕುಂಟುತ್ತಾ ಹೋಗಿ ಬಾವಿಯಿಂದ ನೀರು ತಂದುಕೊಟ್ಟ. ಅವಳು ಅರ್ಧ ಚಿಮುಕಿಸಿ ಅರ್ಧ ಚೆಲ್ಲಿದಳು. ಮತ್ತೆ ಹತ್ತು ನಿಮಿಷಕ್ಕೆ, "ಸಣ್ಣೊಡೆಯಾ, ನೀರು." ಒಡೆಯರ ಮಗ ಆಳುಹೆಂಗಸಿಗೆ ನೀರು ಹೊರುವುದನ್ನು ಜನ ದೇಶಸೇವೆ ಎಂದು ಮೆಚ್ಚಿಕೊಂಡರು. ತೀರ್ಥಹಳ್ಳಿಯಲ್ಲಿ ಮೂರು ದಿನದಲ್ಲಿ ಅವನ ಕಾಲಿನ ಹಳೆಯ ಗಾಯ ಬಾತು ಕೀವು ತುಂಬಿತು. ಶೇಷಮ್ಮ ಬಂದು ಹೂವಮ್ಮನ ಎದುರು ಕೂತರು. ಗೌಡರ ಹೆಂಡತಿ ಅವಳೆದುರು ನೆಲಕ್ಕೆ ಕೂತದ್ದು ಅದೇ ಮೊದಲು.

"ಅವನ ಕಾಲು ನೋಡೇ. ಬೇರೆ ಯಾರಿಗಾದ್ರೂ ಹೇಳ್ಬಾರ್ದಾ ನೀರಿಗೆ? ನೀನೂ ಹೆತ್ತೋಳಲ್ವಾ?"

"ಹೌದಮ್ಮ, ಹೆತ್ತಿದ್ದೆ," ಎಂದಳು ಹೂವಮ್ಮ. ಬಾಗಿಲ ಕಡೆ ತಿರುಗಿ ಕರೆದಳು. "ಸಣ್ಣೊಡೆಯಾ, ನೀರು."

ಸಾಗರದಲ್ಲಿ ಕೊನೆಯ ದಿನ. ಶಾಲೆಯ ಹಾಲ್ ಭರ್ತಿಯಾಗಿತ್ತು. ಸಿಗಂದೂರಿಗೆ ಹೊರಟವರೂ ಗಂಟುಮೂಟೆ ಸಮೇತ ನುಗ್ಗಿದ್ದರು. ಅವಳು ಕರೆದಳು. ಧರ್ಮಪ್ಪ ಕೋಲನ್ನು ನಾಲೆಯ ಮೇಲಿಟ್ಟು ನಿಂತಿದ್ದ. ಅಲುಗಲಿಲ್ಲ. ಮತ್ತೆ ಕರೆದಳು. ಮಣ್ಣು ಒಣಗಿ ಅಂಚು ಬಿಳಿಯಾಗತೊಡಗಿತು.

ಜನರಲ್ಲೊಬ್ಬ ಎಂದ: "ಅಲ್ಲ ಮಾರಾಯ್ರೆ, ಆ ಹೆಂಗಸು ಕರೀತಾ ಇದಾಳೆ. ಕೇಳಲ್ವಾ ನಿಮ್ಗೆ?"

"ಕೇಳ್ತದೆ," ಎಂದ ಧರ್ಮಪ್ಪ.

"ಕೇಳಿದ್ರೂ ಹಂಗೇ ನಿಂತಿದಾರಲ್ಲೋ! ಎಂಥ ಮಿಲ್ಟ್ರಿ ಇವ್ರದು!" ಎಂದು ಅವನು ನಕ್ಕ. ಸುತ್ತಲಿನವರೂ ನಕ್ಕರು.

ಹೂವಮ್ಮ ಎದ್ದು ಅವನ ಮುಖದೆದುರಿಗೆ ಬಂದು ನಿಂತಳು. ಕೇಳಿಯೂ ಹೋಗದವನ ಮುಖ ಹೇಗಿರುತ್ತದೆ ಎಂದು ಅವಳಿಗೆ ನೋಡಬೇಕಿತ್ತು. ರಾಕ್ಷಸನ ಹಾಗಿರುತ್ತದೆ ಎಂದುಕೊಂಡಿದ್ದಳು. ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ಕೆರೆಗೆ ಇಳಿಯಲು ಹೆದರಿ ದಡದಲ್ಲೇ ಉಚ್ಚೆ ಹೊಯ್ದುಕೊಂಡು ನಿಲ್ಲುತ್ತಿದ್ದ ಹುಡುಗನ ಮುಖವೇ ಅದು. ಆಗೆಲ್ಲ ಅವನ ಚಡ್ಡಿ ತೊಳೆದುಕೊಡುತ್ತಿದ್ದವನು ನಿಂಗಪ್ಪ.

"ಹಿಂಗೇ ಇದ್ರಾ ಅವತ್ತೂ?" ಅವಳು ಮೆತ್ತಗೆ ಕೇಳಿದಳು.

"ಹಿಂಗೇ."

ನೆಲ ಚಟ್ಟನೆ ಬಿರಿಯಿತು. ಬಿರುಕು ಕಬ್ಬಿನ ಬುಡ ದಾಟಿ, ಟ್ಯಾಂಕಿನ ಜಾಡು ಸೀಳಿ ಏರಿನವರೆಗೆ ಓಡಿತು. ಅವಳಿಗೆ ಕರುಣೆ ಬರಲಿಲ್ಲ ಎಂದಲ್ಲ. ಬಂತು, ಬಂದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸೊಂಟದಿಂದ ಬೊಂಬೆ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇವನು ನಿಮ್ಮ ಹತ್ರಾನೇ ಇರ್ಲಿ. ನಿಮ್ಮನ್ನೇ ಕರೆದಿದ್ದಲ್ವಾ, ನನ್ನನ್ನಲ್ಲ."

ತಂಬಿಗೆ ಮಗುಚಿಟ್ಟು, ಕೈಯ ಮಣ್ಣನ್ನೂ ತೊಳೆಯದೆ ಬಸ್ ಸ್ಟ್ಯಾಂಡಿಗೆ ನಡೆದಳು.

ಧರ್ಮಪ್ಪನ ಕಾಲನ್ನು ಆ ಬೇಸಿಗೆಯಲ್ಲಿ ಮೊಣಕಾಲಿನವರೆಗೆ ಕತ್ತರಿಸಿದರು. ಮೊದಲ ಮಳೆ ಬಿದ್ದು ನಟ್ಟಿ ಶುರುವಾದಾಗ ಮಂಜಯ್ಯಗೌಡರು ಎಂದಿನಂತೆ ಕೊಡೆ ಹಿಡಿದು ಬದುವಿನ ಮೇಲೆ ನಿಂತಿದ್ದರು. ಹೂವಮ್ಮ ಯಾರೂ ಹೇಳದೆಯೇ ಸಸಿಯ ಕಟ್ಟು ಎತ್ತಿಕೊಂಡು ನೇರಳೆ ಮರ ದಾಟಿ ಆ ಕೆಳಗಿನ ಮೂಲೆಗೆ ಇಳಿದಳು. ಮಧ್ಯಾಹ್ನ ಗಂಜಿಗೆ ಬಾರೇ ಎಂದು ಹೆಂಗಸರು ಬದುವಿನಿಂದ ಮೂರು ನಾಲ್ಕು ಸಲ ಕೂಗಿದರು. ಅವಳು ಬಗ್ಗಿದ ಬೆನ್ನು ಎತ್ತಲಿಲ್ಲ. ಆ ಮೂಲೆಗೆ ಏನೂ ಕೇಳಿಸುತ್ತಿರಲಿಲ್ಲ.